ಇಡಿಎಫ್ ಜೆಟ್ ಹಾರಿಸುವವರಿಗೆ: ಬ್ಯಾಟರಿ, ವೈರಿಂಗ್

ಎಲ್ಲರ ಗಮನಕ್ಕೆ. ಇಡಿಎಫ್ ಜೆಟ್ ಅಂದರೆ ಕೊಳವೆಯೊಳಗಿನ ವಿದ್ಯುತ್ ಫ್ಯಾನಿನಿಂದ ಹಾರುವ ರೇಡಿಯೋ ನಿಯಂತ್ರಿತ ಮಾದರಿ ವಿಮಾನ. 70 ಎಂಎಂ ಫ್ಯಾನಿನ 6ಎಸ್ (ಸಾಲಾಗಿ ಜೋಡಿಸಿದ ಆರು ಸೆಲ್) ಜೆಟ್‌ಗೆ ಲೈಪೋ (ಲಿಥಿಯಂ ಪಾಲಿಮರ್ ಬ್ಯಾಟರಿ) ಕೊಳ್ಳುವಾಗ ಲೇಬಲ್ಲಿನ ‘ಸಿ’ ಅಂಕಿಯನ್ನೇ (ಸಾಮರ್ಥ್ಯದ ಎಷ್ಟು ಪಟ್ಟು ಕರೆಂಟ್ ಕೊಡಬಲ್ಲದು ಎಂಬುದು) ನಂಬಬೇಡಿ. 4000 ಎಂಎಎಚ್, 35ಸಿ ಅಂದರೆ ಲೆಕ್ಕಕ್ಕೆ 140 ಆಂಪಿಯರ್. ಅಷ್ಟು ಸತತವಾಗಿ ಸಿಗುವುದು ಅಪರೂಪ. ವಿಮಾನವನ್ನು ಗಟ್ಟಿಯಾಗಿ ಕಟ್ಟಿ, ವಾಟ್‌ಮೀಟರ್ ಹಾಕಿ, ಹತ್ತು ಸೆಕೆಂಡ್ ಫುಲ್ ಥ್ರಾಟಲ್ ಕೊಡಿ. ತುಂಬಿದ ಪ್ಯಾಕ್ 25.2 ವೋಲ್ಟ್‌ನಿಂದ 20.4ಕ್ಕಿಂತ ಕೆಳಗಿಳಿದರೆ ಅದು ಜೆಟ್‌ಗಲ್ಲ. ಕರೆಂಟ್ 60 ಆಂಪಿಯರ್ ದಾಟಿದರೆ ಎಕ್ಸ್‌ಟಿ60 ಕನೆಕ್ಟರ್ ಬಿಟ್ಟು ದೊಡ್ಡ ಎಕ್ಸ್‌ಟಿ90 ಹಾಕಿ. ದೊಡ್ಡ ಪ್ಯಾಕ್ ಹಾಕಿದರೆ ಸಿಜಿ (ವಿಮಾನದ ಗುರುತ್ವ ಕೇಂದ್ರ) ಮತ್ತೆ ನೋಡಿ.

ಇನ್ನು ಪದೇ ಪದೇ ಬರುವ ದೂರು: ಚಕ್ರ ಮಡಚುವಾಗ ಸರ್ವೋಗಳು (ರೆಕ್ಕೆ, ಬಾಲದ ಫಲಕ ತಿರುಗಿಸುವ ಪುಟ್ಟ ಮೋಟರ್‌ಗಳು) ನಡುಗುತ್ತವೆ, ರಿಸೀವರ್ ದೀಪ ಒಮ್ಮೆ ಆರಿ ಹತ್ತುತ್ತದೆ. ರೇಡಿಯೋ ಮೇಲೆ ಅನುಮಾನ ಬೇಡ, ಮೊದಲು ಬಿಇಸಿ (ರಿಸೀವರ್, ಸರ್ವೋಗಳಿಗೆ ವಿದ್ಯುತ್ ಕೊಡುವ ಸರ್ಕ್ಯೂಟ್) ನೋಡಿ. ಸಿಕ್ಕಿಕೊಂಡ ರಿಟ್ರ್ಯಾಕ್ಟ್ (ಚಕ್ರ ಮಡಚುವ) ಮೋಟರ್ ವಿಪರೀತ ಕರೆಂಟ್ ಎಳೆದು ವೋಲ್ಟೇಜ್ ಬೀಳಿಸುತ್ತದೆ, ರಿಸೀವರ್ ರೀಸೆಟ್ ಆಗುತ್ತದೆ. ರಿಟ್ರ್ಯಾಕ್ಟ್, ಸರ್ವೋ ಒಂದೊಂದಾಗಿ ಕಳಚಿ ನೋಡಿದರೆ ಕಳ್ಳ ಸಿಗುತ್ತಾನೆ. ಪ್ರತ್ಯೇಕ ಯುಬಿಇಸಿ (ಬೇರೆಯದೇ ಬಿಇಸಿ) ಹಾಕುವುದಾದರೆ ಇಎಸ್‌ಸಿಯ (ಮೋಟರ್ ವೇಗ ನಿಯಂತ್ರಕ) ಥ್ರಾಟಲ್ ಪ್ಲಗ್ಗಿನಿಂದ ಕೆಂಪು ಪಿನ್ ಮಾತ್ರ ಎಳೆದು, ಹೀಟ್‌ಶ್ರಿಂಕ್ ಹಾಕಿ ಮಡಚಿಡಿ. ಗ್ರೌಂಡ್, ಸಿಗ್ನಲ್ ತಂತಿ ಮುಟ್ಟಬೇಡಿ.

ಬ್ಯಾಟರಿ ಕಡೆಯ ತಂತಿ ಉದ್ದ ಮಾಡಬೇಡಿ, ಇಎಸ್‌ಸಿ ಕೆಪಾಸಿಟರ್‌ಗೆ ಪೆಟ್ಟು. ಬೇಕಾದರೆ ಮೋಟರ್ ಕಡೆ ಉದ್ದ ಮಾಡಿ. ಹಾರಿಸಿ ಬಂದ ಮೇಲೆ ಕನೆಕ್ಟರ್ ಕೈಗೆ ಬಿಸಿ ಹತ್ತಿದರೆ ಬೆಸುಗೆ ಸರಿಯಿಲ್ಲದಿರಬಹುದು: ಮಂಕಾಗಿ, ಕಾಳುಕಾಳಾಗಿ ಕಂಡರೆ ಮತ್ತೆ ಕಾಯಿಸಿ ಹಾಕಿ.

ಫ್ಯಾನ್ ಉಲ್ಟಾ ತಿರುಗಿದರೆ ಮೋಟರಿನ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಸಾಕು.