ಕೇರ್ ಉಪ್ಪಿಟ್ಟಿನ ಬಾಕಿ

ಹೋದ ಭಾನುವಾರ ರಾತ್ರಿ ಹತ್ತೂವರೆಗೆ 146ನೇ ಮಗುವಿನ ರಸೀದಿ ಬಂತು. ಪಡಸಾಲೆಯಲ್ಲಿ ಒಬ್ಬನೇ ಕೂತಿದ್ದೆ. ಒಳಗೆ ಹೋಗಿ ಮನೆಯಾಕೆಯನ್ನು ಎಬ್ಬಿಸಿ “ಮುಗೀತು ಕಣೇ” ಅಂದೆ. “ಇನ್ನಾದ್ರೂ ಆ ಫೋನ್ ಚಾರ್ಜಿಗೆ ಹಾಕಿ ಮಲಕ್ಕಳ್ರಿ” ಅಂದು ಮಗ್ಗುಲು ಬದಲಿಸಿದಳು. ಎರಡು ವರ್ಷ ಈ ಕೆಲಸವನ್ನು ನನಗಿಂತ ಹೆಚ್ಚು ಸಹಿಸಿದವಳು ಅವಳು. ಮೊದಲ ಥ್ಯಾಂಕ್ಸ್ ಅವಳಿಗೇ ಸಲ್ಲಬೇಕು. ಎದುರಿಗೆ ಹೇಳಿದರೆ ನಗುತ್ತಾಳೆ ಅಂತ ಇಲ್ಲಿ ಬರೆದಿದ್ದೇನೆ.

ಈ 146 ಎಲ್ಲಿಂದ ಬಂತು ಅಂತ ಬಹಳ ಜನ ಕೇಳಿದರು. ನಾನು ಹೆಡ್‌ಮಾಸ್ಟರಾಗಿ ನಿವೃತ್ತನಾದ ವರ್ಷ ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿದ್ದ ಮಕ್ಕಳ ಸಂಖ್ಯೆ ಅದು. ಅಷ್ಟು ಮಕ್ಕಳಿಗೆ ದಿನಾ ಬಿಸಿಯೂಟ ಬಡಿಸಿದ ಲೆಕ್ಕ ಬರೆದು ರೂಢಿಯಿತ್ತು. ಪರಿಚಯದವರಿಂದ ದಾನ ಕೂಡಿಸಿ ಅದೇ ಲೆಕ್ಕವನ್ನು, ಅಂದರೆ ಅಷ್ಟೇ ಮಕ್ಕಳ ಶಾಲೆಯ ಊಟವನ್ನು, ಇನ್ನೊಂದು ದೇಶದಲ್ಲಿ ಒಂದು ವರ್ಷ ನಡೆಸೋಣ ಅನ್ನುವುದಷ್ಟೇ ಯೋಚನೆ. ದೇಶ ಮಲಾವಿ. ಆಫ್ರಿಕಾದ ಆಗ್ನೇಯಕ್ಕೆ, ಉದ್ದನೆಯ ಸರೋವರವೊಂದರ ಪಕ್ಕಕ್ಕೆ ಅಂಟಿಕೊಂಡಿರುವ ಸಣ್ಣ ದೇಶ.

2024ರ ಬೇಸಿಗೆಯಲ್ಲಿ ನನ್ನ ಹಳೇ ವಿದ್ಯಾರ್ಥಿಯೊಬ್ಬ ವಿಡಿಯೊ ಕಳಿಸಿದ. ಡೀಸೆಲ್ ಮೆಕ್ಯಾನಿಕ್, ಆಗ ಮಲಾವಿಯಲ್ಲಿ ಕೆಲಸಕ್ಕಿದ್ದ. “ಸಾರ್, ಇಲ್ಲೂ ಬಿಸಿಯೂಟ ಐತೆ ನೋಡ್ರಿ” ಅಂತ ಕೆಳಗೆ ಬರೆದಿದ್ದ. ಶಾಲೆಯ ಹಿಂದೆ ಮೂರು ಕಲ್ಲಿನಂಥ ಒಲೆ, ದೊಡ್ಡ ಹಂಡೆ, ಅದರಲ್ಲಿ ಕುದಿಯುವ ಗಂಜಿಯನ್ನು ಉದ್ದ ಕೋಲಿನಲ್ಲಿ ತಿರುವುತ್ತಿರುವ ಇಬ್ಬರು ಹೆಂಗಸರು. ಪ್ಲಾಸ್ಟಿಕ್ ಮಗ್ ಹಿಡಿದ ಮಕ್ಕಳ ಸಾಲು. ಬಡಿಸುವುದು ಮೇರೀಸ್ ಮೀಲ್ಸ್ ಅನ್ನುವ ದಾನ ಸಂಸ್ಥೆ, ಗಂಜಿಯ ಹೆಸರು ಫಾಲಾ. ಮೆಕ್ಕೆಜೋಳ ಮತ್ತು ಸೋಯಾ ಹಿಟ್ಟಿನದು, ಜೊತೆಗೆ ಜೀವಸತ್ವ ಬೆರೆಸಿರುತ್ತಾರೆ.

ನಾನು ಆ ವಿಡಿಯೊವನ್ನು ಆರೇಳು ಸಲ ನೋಡಿದೆ. ಮಕ್ಕಳ ಮುಖ ನೋಡಿ ಅಲ್ಲ, ಗಂಜಿಯ ಬಣ್ಣ ನೋಡಿ. ಆ ಮಾಸಲು ಹಳದಿ ನನಗೆ ಗೊತ್ತು.

ನನ್ನದು ಜಗಳೂರು ತಾಲ್ಲೂಕಿನ ಹಳ್ಳಿ. ಈಗ ದಾವಣಗೆರೆ ಜಿಲ್ಲೆ. 1997ಕ್ಕೆ ಮೊದಲು ಚಿತ್ರದುರ್ಗ ಜಿಲ್ಲೆಯಾಗಿತ್ತು. ನಾನು ಒಂದನೇ ಇಯತ್ತೆಗೆ ಸೇರಿದಾಗ ರಾಜ್ಯದ ಹೆಸರೂ ಇನ್ನೂ ಮೈಸೂರೇ. ಮಳೆ ಬಂದ ವರ್ಷ ಮುದ್ದೆ, ಬಾರದ ವರ್ಷ ಅಂಬಲಿ. ಅಂಥ ಊರಿನ ಶಾಲೆಯಲ್ಲಿ ಹನ್ನೊಂದೂವರೆ ಹೊತ್ತಿಗೆ ಹಿಂದುಗಡೆಯಿಂದ ಒಂದು ವಾಸನೆ ಬರುತ್ತಿತ್ತು. ಆಮೇಲೆ ಮೇಷ್ಟ್ರು ಏನು ಹೇಳಿದರೂ ನಮ್ಮ ಕಿವಿಗೆ ಬೀಳುತ್ತಿರಲಿಲ್ಲ. ಕೇರ್ ಉಪ್ಪಿಟ್ಟು! ನನ್ನ ವಯಸ್ಸಿನವರಿಗೆ ಇಷ್ಟು ಹೇಳಿದರೆ ಸಾಕು. ಹುಡುಗರಿಗಾಗಿ ಹೇಳುತ್ತೇನೆ. ಕೇರ್ ಅನ್ನುವುದು ಅಮೆರಿಕದ ಸಂಸ್ಥೆ. 1945ರಲ್ಲಿ, ಮಹಾಯುದ್ಧದಲ್ಲಿ ನಲುಗಿದ ಯುರೋಪಿನ ಜನರಿಗೆ ಊಟದ ಪೊಟ್ಟಣ ಕಳಿಸಲು ಹುಟ್ಟಿದ್ದು. ಆಮೇಲೆ ನಮ್ಮ ಶಾಲೆಗಳಿಗೂ ಅದರ ಮೂಲಕ ಗೋಧಿ ರವೆ, ಹಾಲಿನ ಪುಡಿ, ಎಣ್ಣೆ ಬಂತು. 1966ರಿಂದಾಚೆಗೆ ಮೆಕ್ಕೆಜೋಳ, ಸೋಯಾ, ಹಾಲಿನ ಪುಡಿ ಬೆರೆಸಿದ ಹಿಟ್ಟೂ ಬರತೊಡಗಿತು. ಎಣ್ಣೆ ಡಬ್ಬದ ಮೇಲೆ ಎರಡು ಕೈಗಳು ಕುಲುಕುವ ಚಿತ್ರ ಇರುತ್ತಿತ್ತು. ಖಾಲಿ ಡಬ್ಬವೊಂದನ್ನು ನಮ್ಮಪ್ಪ ಮೇಷ್ಟ್ರ ಹತ್ತಿರ ಬೇಡಿ ತಂದಿದ್ದರು. ಅವ್ವ ಅದರಲ್ಲಿ ರಾಗಿ ಹಿಟ್ಟು ತುಂಬಿಡುತ್ತಿದ್ದಳು. ತಳ ತುಕ್ಕು ಹಿಡಿದು ಉದುರಿಹೋದ ಮೇಲೂ ಆ ಕೈಗಳು ಮಾತ್ರ ಅಳಿಸಿರಲಿಲ್ಲ.

ಆ ಉಪ್ಪಿಟ್ಟು ರುಚಿಯಾಗಿತ್ತೇ? ನಿಜ ಹೇಳಬೇಕೆಂದರೆ ಒಂಥರಾ ಮುಗ್ಗಲು ವಾಸನೆ, ಕೆಲವು ದಿನ ಹುಳು. ಅಡುಗೆಯ ಅಜ್ಜಿ ಹುಳು ಆರಿಸಿ ಎಸೆಯುತ್ತಲೇ ಬಡಿಸುತ್ತಿದ್ದಳು. ನಾನು ಅರ್ಧ ತಿಂದು ಅರ್ಧವನ್ನು ಮುತ್ತುಗದ ಎಲೆಯಲ್ಲಿ ಕಟ್ಟಿ, ಇನ್ನೂ ಶಾಲೆಗೆ ಸೇರದ ತಂಗಿಗೆ ತಗೊಂಡು ಹೋಗುತ್ತಿದ್ದೆ. ಇದನ್ನು ಯಾರ ಉದಾರತೆಯ ಕಥೆಯೆಂದೂ ಹೇಳುತ್ತಿಲ್ಲ. ಅಮೆರಿಕದಲ್ಲಿ ಹೆಚ್ಚಾದ ಗೋಧಿಯನ್ನು ಹೊರಗೆ ಸಾಗಿಸುವ ಲೆಕ್ಕಾಚಾರವೂ ಅದರ ಹಿಂದಿತ್ತು ಅಂತ ದೊಡ್ಡವನಾದ ಮೇಲೆ ಓದಿ ತಿಳಿದೆ. ಇರಲಿ. ಹೊಟ್ಟೆಗೆ ಬಿದ್ದದ್ದು ಬಿದ್ದದ್ದೇ. ಯಾವ ಊರಿನವರು ಕಳಿಸಿದರೋ, ಅವರಿಗೆ ಜಗಳೂರು ಅಂತ ಒಂದು ಊರಿದೆ ಅನ್ನುವುದೂ ಗೊತ್ತಿರಲಿಕ್ಕಿಲ್ಲ. ಬಾಕಿ ಮಾತ್ರ ನನ್ನ ಹೆಸರಿನಲ್ಲಿ ಉಳಿದಿತ್ತು.

ದಾವಣಗೆರೆಯ ಕುಂದುವಾಡ ಕೆರೆಯ ಏರಿ ಮೇಲೆ ಬೆಳಗ್ಗೆ ಜೊತೆಗೆ ನಡೆಯುವ ಗೆಳೆಯರಿಗೆ ಇದನ್ನು ಹೇಳಿದೆ. ಮೊದಲು ಬಂದ ಪ್ರಶ್ನೆ ನಿಮಗೆಲ್ಲ ಗೊತ್ತಿರುವುದೇ. “ಮೇಷ್ಟ್ರೇ, ನಮ್ಮೂರಾಗೇ ಬಡವರಿಲ್ವಾ? ಆಫ್ರಿಕಾ ಯಾಕೆ ಬೇಕು?” ಪ್ರಶ್ನೆ ಸುಳ್ಳಲ್ಲ. ಅದರ ಹಿಂದಿನ ವರ್ಷವಷ್ಟೇ ನಮ್ಮ ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಸಾರಿತ್ತು. ನಾನು ವಾದ ಮಾಡಲಿಲ್ಲ. ಒಂದೇ ಮಾತು ಹೇಳಿದೆ. ನಮ್ಮ ಮೆಕ್ಕೆಜೋಳ ಒಣಗಿಸಿದ ಎಲ್ ನಿನೊ, ಅಂದರೆ ಸಾಗರ ಬಿಸಿಯೇರಿ ಮಳೆ ತಪ್ಪಿಸುವ ವಿದ್ಯಮಾನ, ಅವರದನ್ನೂ ಒಣಗಿಸಿದೆ. 2024ರ ಮಾರ್ಚಿನಲ್ಲಿ ಮಲಾವಿಯ 28 ಜಿಲ್ಲೆಗಳ ಪೈಕಿ 23ರಲ್ಲಿ ವಿಪತ್ತು ಘೋಷಣೆಯಾಯಿತು. ನಮ್ಮ ಜಿಲ್ಲೆಯ ಮೆಕ್ಕೆಜೋಳ ಕೋಳಿ ಫಾರಂ ಲಾರಿ ಹತ್ತುತ್ತದೆ. ಬೆಳೆ ಹೋದರೆ ನಮಗೆ ಸಾಲ. ಅಲ್ಲಿ ಅದೇ ಮೂರು ಹೊತ್ತಿನ ಊಟ. ಬೆಳೆ ಹೋದರೆ ಒಲೆ ಹಚ್ಚುವಂತಿಲ್ಲ. ನಮ್ಮ ಹೊಲಕ್ಕೆ 2018ರಲ್ಲಿ ಬಂದ ಸೈನಿಕ ಹುಳು ಕೂಡ ಅಷ್ಟರಲ್ಲಾಗಲೇ ಆಫ್ರಿಕಾದ ಜೋಳ ತಿಂದು ಮುಗಿಸಿಯೇ ಇತ್ತ ಕಾಣಿಸಿಕೊಂಡದ್ದು.

ಒಬ್ಬ ಗೆಳೆಯ ಒಪ್ಪಲಿಲ್ಲ. ಕೊನೆತನಕವೂ ಒಪ್ಪಲಿಲ್ಲ. “ನಾನು ಇಲ್ಲೇ ಕೊಡ್ತೀನಿ” ಅಂದು ನನ್ನ ಹಳೆಯ ಶಾಲೆಗೆ ಹೋಗಿ ಎಲ್ಲ ಮಕ್ಕಳಿಗೂ ನೋಟ್‌ಬುಕ್ ಹಂಚಿ ಬಂದ. ಜಗಳವಾಡುತ್ತಲೇ ಕೊಟ್ಟ ಅವನಿಗೂ ನನ್ನ ನಮಸ್ಕಾರ. ಇನ್ನೊಬ್ಬರಿಗೆ ಸಂಸ್ಥೆಯ ಹೆಸರೇ ಅನುಮಾನ. ಮೇರೀಸ್ ಮೀಲ್ಸ್ ಅಂದರೆ ಮತಾಂತರದವರಿರಬೇಕು ಅಂದರು. ಸ್ಕಾಟ್ಲೆಂಡಿನವರು, 2002ರಲ್ಲಿ ಮಲಾವಿಯ 200 ಮಕ್ಕಳಿಂದ ಶುರು ಮಾಡಿದವರು, ಏಸುವಿನ ತಾಯಿಯ ಹೆಸರಿಟ್ಟುಕೊಂಡಿರುವುದು ಹೌದು, ಆದರೆ ಮಗ್ ಹಿಡಿದು ಬಂದ ಮಗುವಿನ ಧರ್ಮ ಕೇಳುವುದಿಲ್ಲ ಅಂದೆ. ಅನುಮಾನಪಟ್ಟ ಆ ಗೆಳೆಯರೂ ನಮ್ಮ ಮಠಗಳ ಪ್ರಸಾದ ನಿಲಯದಲ್ಲಿ ಉಂಡು ಓದಿದವರೇ. ಸ್ವಲ್ಪ ಹೊತ್ತು ಸುಮ್ಮನಿದ್ದು ಎರಡು ಮಕ್ಕಳ ಲೆಕ್ಕ ಬರೆಸಿದರು.

ಇನ್ನು ನನ್ನ ದಡ್ಡತನದ ಕಥೆ. ಇದನ್ನು ಬಿಟ್ಟು ಬರೆದರೆ ಮೋಸವಾಗುತ್ತದೆ.

ಶುರುವಿನಲ್ಲಿ ನನ್ನ ಫೋನ್‌ಪೇ ನಂಬರನ್ನೇ ಗ್ರೂಪಿನಲ್ಲಿ ಹಾಕಿಬಿಟ್ಟೆ. ಮೂರು ವಾರದಲ್ಲಿ 61 ಜನರ ಹಣ ನನ್ನ ಪಿಂಚಣಿ ಖಾತೆಗೆ ಬಂತು. ಖುಷಿಯಲ್ಲಿ ತೇಲುತ್ತಿದ್ದೆ. ಒಂದು ದಿನ ಗ್ರೂಪಿನಲ್ಲಿ ಯಾರೋ “ಆಫ್ರಿಕಾ ಮಕ್ಕಳ ಹೆಸರಲ್ಲಿ ಮೇಷ್ಟ್ರ ಮನೆಗೆ ಎರಡನೇ ಮಹಡಿ” ಅಂತ ಹಾಕಿದರು. ಅದರ ಕೆಳಗೆ ನಗುವ ಮುಖಗಳು. ಆ ರಾತ್ರಿ ಊಟ ಸೇರಲಿಲ್ಲ. ಬೆಳಗ್ಗೆ ಎದ್ದವನೇ ನಮ್ಮ ಓಣಿಯ ಆಡಿಟರ್ ಮನೆಗೆ ಹೋದೆ. ಅವರು ಕನ್ನಡಕ ಹಣೆಗೇರಿಸಿ, “ಸಾರ್, ಗಾಸಿಪ್ ಬಿಡಿ. ನೀವು ಮಾಡಿದ್ದೇ ತಪ್ಪು” ಅಂದರು. ವಿದೇಶಕ್ಕೆ ಹಣ ಕಳಿಸಲು ವ್ಯಕ್ತಿಯೊಬ್ಬನಿಗೆ ವರ್ಷಕ್ಕೆ 2,50,000 ಡಾಲರ್ ತನಕ ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ದಾನವೂ ಅದರಲ್ಲಿ ಸೇರುತ್ತದೆ. ಆದರೆ ಅದು ಅವರವರ ಸ್ವಂತ ದುಡ್ಡಿಗೆ. ಊರವರದೆಲ್ಲ ಒಬ್ಬನ ಖಾತೆಗೆ ಸುರಿದುಕೊಂಡು ಕಳಿಸಲಿಕ್ಕಲ್ಲ. ಟ್ರಸ್ಟ್ ಮಾಡೋಣವೇ ಅಂದೆ. ಟ್ರಸ್ಟಿಗೆ ಆ ಸೌಲಭ್ಯವೇ ಇಲ್ಲ, ಮೇಲೆ ಟ್ರಸ್ಟಿನ ದುಡ್ಡು ದೇಶದ ಹೊರಗೆ ಖರ್ಚಾದರೆ ತೆರಿಗೆ ವಿನಾಯಿತಿಗೂ ಕುತ್ತು ಅಂದರು. ಕೊಟ್ಟವರಿಗೆ ದಾನದ ಮೇಲಿನ ತೆರಿಗೆ ರಿಯಾಯಿತಿಯೂ ಸಿಗುವುದಿಲ್ಲ.

ಅವತ್ತೇ ಕೂತು 61 ಜನಕ್ಕೂ ವಾಪಸ್ ಕಳಿಸಿದೆ. ಒಂದೊಂದಕ್ಕೂ ಕ್ಷಮೆಯ ಒಂದು ಸಾಲು. ಮರುದಿನ ಗ್ರೂಪಿನಲ್ಲಿ ಪೂರ್ತಿ ಪಟ್ಟಿ ಹಾಕಿದೆ. ಆ 61ರಲ್ಲಿ 54 ಜನ ಹೊಸ ದಾರಿಯಲ್ಲಿ ಮತ್ತೆ ಕೊಟ್ಟರು. ಮಹಡಿಯ ಮಾತಾಡಿದವರು ಕೂಡ ಆ 54ರಲ್ಲಿದ್ದಾರೆ. ಹೆಸರು ಹೇಳಲ್ಲ, ಬೆಣ್ಣೆ ದೋಸೆ ಕೊಡಿಸಿ ರಾಜಿಯಾಗಿದ್ದಾರೆ. ಆಡಿಟರ್ ಒಂದು ಪೈಸೆ ಫೀಸು ತಗೊಳ್ಳಲಿಲ್ಲ. ಈ ಕೆಲಸ ನೆಟ್ಟಗೆ ನಿಂತಿದ್ದೇ ಅವರಿಂದ.

ಹೊಸ ದಾರಿ ಅಂದರೆ ಪ್ರತಿಯೊಬ್ಬರೂ ತಮ್ಮ ಕಾರ್ಡಿನಿಂದಲೇ ನೇರವಾಗಿ ಕಟ್ಟುವುದು, ರಸೀದಿ ನನಗೆ ತೋರಿಸುವುದು, ನಾನು ಪುಸ್ತಕದಲ್ಲಿ ಬರೆಯುವುದು. ಹೇಳಿದಷ್ಟು ಸುಲಭವಲ್ಲ. 2020ರಿಂದೀಚಿನ ಹೊಸ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಬಂದ್ ಆಗಿಯೇ ಬರುತ್ತದೆ, ಆ್ಯಪ್‌ನಲ್ಲಿ ನಾವೇ ಆನ್ ಮಾಡಬೇಕು. ಬಹಳಷ್ಟು ಜನರ ಹತ್ತಿರ ಇದ್ದದ್ದು ಬರೀ ದೇಶದೊಳಗೆ ನಡೆಯುವ ರುಪೇ ಕಾರ್ಡು. ನನ್ನ ಇಬ್ಬರು ಹಳೇ ವಿದ್ಯಾರ್ಥಿನಿಯರು, ಈಗ ಇಲ್ಲೇ ಎಂಜಿನಿಯರಿಂಗ್ ಓದುತ್ತಿರುವವರು, ಭಾನುವಾರ ಭಾನುವಾರ ಬಂದು ಹಿರಿಯರ ಪಕ್ಕ ಕೂತು ಬಟನ್ ಆನ್ ಮಾಡಿಸಿ, ಓಟಿಪಿ ಹಾಕಿಸಿ, ಹಣ ಹೋದ ಮೇಲೆ ಮತ್ತೆ ಆಫ್ ಮಾಡಿಸುತ್ತಿದ್ದರು. ಮರೆಯದೆ ಆಫ್ ಮಾಡಿಸಿದ್ದಕ್ಕೆ ಅವರಿಗೆ ಎರಡು ಪಟ್ಟು ಥ್ಯಾಂಕ್ಸ್.

ಮಂಡಕ್ಕಿ ಭಟ್ಟಿಯ ಹೆಣ್ಣುಮಕ್ಕಳ ಬಗ್ಗೆ ಬರೆಯದೆ ಇದು ಮುಗಿಯಲ್ಲ. ಮನೆಗೆ ಅರ್ಧ ಮೂಟೆ ಮಂಡಕ್ಕಿ ತರಲು ಹೋಗಿದ್ದೆ. ಕಾದ ಮರಳಿನ ಶೆಕೆಯಲ್ಲಿ ಜರಡಿ ಹಿಡಿಯುತ್ತಿದ್ದ ಒಬ್ಬಾಕೆ, ನಾನು ಮಾಲೀಕರಿಗೆ ಹೇಳುತ್ತಿದ್ದುದನ್ನು ಕೇಳಿಸಿಕೊಂಡು, “ಆ ಹುಡುಗ್ರು ಮನ್ಯಾಗೆ ಏನ್ ಉಣ್ತಾರ್ರಿ?” ಅಂದಳು. ನ್ಸಿಮಾ ಅಂತ, ಮೆಕ್ಕೆಜೋಳದ ಹಿಟ್ಟಿನದು, ಗಟ್ಟಿಯಾಗಿ ತಿರುವಿ ಉಂಡೆ ಮಾಡಿ ಕೈಯಲ್ಲಿ ಮುರಿದು ಸೊಪ್ಪಿನ ಪಲ್ಯಕ್ಕೆ ಅದ್ದಿ ತಿಂತಾರೆ ಅಂದೆ. “ಹಂಗಾರೆ ಮುದ್ದೇನೇ ಬಿಡ್ರಿ!” ಅಂದು ಆಚೆಯವಳಿಗೆ ಕೂಗಿ ಹೇಳಿದಳು. ಮುಂದಿನ ವಾರ ಹೋದಾಗ ಹನ್ನೊಂದು ಜನ ಸೇರಿ ಒಂದು ಮಗುವಿನ ಒಂದು ವರ್ಷದ ಗಂಜಿಗೆ ದುಡ್ಡು ಕೂಡಿಸಿಟ್ಟಿದ್ದರು. ಆಗಿನ ಲೆಕ್ಕಕ್ಕೆ ಸುಮಾರು ಎರಡು ಸಾವಿರ ರೂಪಾಯಿ. ಹತ್ತರ, ಇಪ್ಪತ್ತರ ನೋಟುಗಳು, ಎಲ್ಲದಕ್ಕೂ ಹೊಟ್ಟಿನ ಧೂಳು. ನಾನು ಮುಟ್ಟುವಂತಿಲ್ಲವಲ್ಲ! ಮಾಲೀಕರ ಮಗಳು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾಳೆ. ನೋಟು ಅವಳ ಕೈಗೆ ಹೋಯಿತು, ಅವಳ ಕಾರ್ಡಿನಿಂದ ದಾನ ಹೋಯಿತು. ಇದೂ ತಪ್ಪೇನು ಅಂತ ಆಡಿಟರನ್ನು ಕೇಳಿದೆ. “ನೀವು ನನಗೆ ಹೇಳಿಲ್ಲ, ನಾನು ಕೇಳಿಲ್ಲ” ಅಂದರು. ನನ್ನ ಪುಸ್ತಕದಲ್ಲಿ ಆ ಸಾಲಿನ ಎದುರು ಹನ್ನೊಂದು ಹೆಸರೂ ಇವೆ.

ನಮ್ಮ ಶಾಲೆಯ ಬಿಸಿಯೂಟದ ಅಕ್ಕನಿಗೂ ಆ ವಿಡಿಯೊ ತೋರಿಸಿದ್ದೆ. ಅಕ್ಷರ ದಾಸೋಹ ನಮ್ಮ ಕಡೆಗೆ ಬಂದ ವರ್ಷದಿಂದ ಅಡುಗೆ ಮಾಡುತ್ತಿರುವವರು. ಮೊದಲು ನೋಡಿದ್ದು ಹಂಡೆಯನ್ನು. “ತಳ ಹತ್ತತೈತೆ, ಇನ್ನೂ ಜೋರಾಗಿ ತಿರುವಬೇಕು” ಅಂದರು. ಆಮೇಲೆ ಕೇಳಿದರು, “ಅವ್ರಿಗೆ ತಿಂಗ್ಳಿಗೆ ಎಷ್ಟು ಕೊಡ್ತಾರಂತೆ ಸಾರ್?” ಏನೂ ಇಲ್ಲ, ಊರಿನ ತಾಯಂದಿರೇ ಸರದಿ ಮೇಲೆ ಬಂದು ಬೇಯಿಸ್ತಾರೆ ಅಂದೆ. “ನಮಗಿಂತಾನೂ ಕಡಿಮೆನಾ!” ಅಂದು ಸೆರಗು ಬಾಯಿಗಿಟ್ಟು ನಕ್ಕರು. ಗೌರವಧನ ಹೆಚ್ಚಿಸಿ ಅಂತ ಎಷ್ಟು ಸಲ ಧರಣಿ ಕೂತವರೋ ಏನೋ, ಆ ನಗುವಿನಲ್ಲಿ ಅದೂ ಇತ್ತು. ಆ ತಿಂಗಳು ಅವರ ಮಗನ ಕಾರ್ಡಿನಿಂದ ಐನೂರು ರೂಪಾಯಿ ಹೋಯಿತು.

ಉಳಿದವರೆಲ್ಲ ಒಟ್ಟಿಗೇ ಬರುತ್ತೀರಿ, ಬೇಜಾರು ಮಾಡಿಕೊಳ್ಳಬೇಡಿ. ಕರಪತ್ರವನ್ನು ಪುಕ್ಕಟೆ ಮುದ್ರಿಸಿಕೊಟ್ಟ ಅಶೋಕ ರಸ್ತೆಯ ಪ್ರೆಸ್ಸಿನವರು, ಮದುವೆಯ ಉಡುಗೊರೆ ಬೇಡ, ಈ ಮಕ್ಕಳಿಗೆ ಕಳಿಸಿ ಅಂದ ಹೊಸ ದಂಪತಿ, ದುಬೈ ಮತ್ತು ಪುಣೆಯಲ್ಲಿರುವ ನನ್ನ ವಿದ್ಯಾರ್ಥಿಗಳು, ಮಂಡಿಪೇಟೆಯ ವರ್ತಕರು. ವಿಡಿಯೊ ಕಳಿಸಿದ ಮೆಕ್ಯಾನಿಕ್ ಹುಡುಗ ಈಗ ಊರಿಗೆ ಬಂದಿದ್ದಾನೆ. ಮಲಾವಿಯ ಮಾತಿನಲ್ಲಿ ಥ್ಯಾಂಕ್ಸಿಗೆ ಜಿಕೊಮೊ ಅಂತಾರಂತೆ. ನನಗೆ ಕಲಿಸಲು ಅವನಿಗೆ ಅರ್ಧ ಗಂಟೆ ಹಿಡಿಯಿತು. ಏಳನೇ ಕ್ಲಾಸಿನಲ್ಲಿ ಅವನಿಗೆ ವಿಭಕ್ತಿ ಪ್ರತ್ಯಯ ಕಲಿಸಲು ನಾನು ಪಟ್ಟ ಪಾಡಿಗೆ ಸೇಡು ತೀರಿಸಿಕೊಂಡ.

ಲೆಕ್ಕದ ಪುಸ್ತಕ ನಮ್ಮ ಮನೆಯ ಜಗುಲಿಯ ಮೇಜಿನ ಮೇಲೆ ಇರುತ್ತದೆ. ಸಂಜೆ ಐದರಿಂದ ಏಳರವರೆಗೆ ಯಾರು ಬೇಕಾದರೂ ಬಂದು ತಿರುವಿ ನೋಡಬಹುದು, ಚಹಾ ಇರುತ್ತದೆ. ಅದರಲ್ಲಿ ಒಂದು ಸಾಲು ಮಾತ್ರ ಹೆಸರಿಲ್ಲದೆ ಉಳಿದಿದೆ. ಹೋದ ಡಿಸೆಂಬರಿನಲ್ಲಿ ಕೆರೆ ಏರಿ ಮೇಲೆ ಒಬ್ಬರು ನನ್ನನ್ನು ನಿಲ್ಲಿಸಿ, ಫೋನ್ ತೆಗೆದು ರಸೀದಿ ತೋರಿಸಿದರು. ಮೂರು ಮಕ್ಕಳ ಹಣ ಕಟ್ಟಿದ್ದರು. “ನಾನೂ ಅದೇ ಉಪ್ಪಿಟ್ಟು ತಿಂದವನು ಮೇಷ್ಟ್ರೇ, ಹೊಸದುರ್ಗದ ಕಡೆ” ಅಂದು, ನಾನು ಕನ್ನಡಕ ಹುಡುಕಿ ಹೆಸರು ಓದುವಷ್ಟರಲ್ಲಿ ಫೋನು ಜೇಬಿಗಿಳಿಸಿ ನಡೆದುಬಿಟ್ಟರು. ಪುಸ್ತಕದಲ್ಲಿ “ನೀಲಿ ಸ್ವೆಟರ್, ಹೊಸದುರ್ಗ” ಅಂತ ಬರೆದುಕೊಂಡಿದ್ದೇನೆ. ಇದನ್ನು ಓದಿದರೆ ದಯವಿಟ್ಟು ಒಂದು ಸಂಜೆ ಬನ್ನಿ. ನಿಮ್ಮ ಶಾಲೆಯಲ್ಲಿ ಆ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದರೇ ಅಂತ ಕೇಳಬೇಕಿದೆ.