ಅರುಣ್ ಖೇತ್ರಪಾಲ್ ಕುರಿತ ಸಂದೇಶ ಹಾಗೂ ಡಿಸೆಂಬರ್ 16ರ ಸಭೆ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ.

ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಅವರು ಕಾರ್ಗಿಲ್‌ನಲ್ಲಿ ಮಡಿದರೆಂದು ನಿನ್ನೆ ಇಲ್ಲಿ ಬಂದ ಸಂದೇಶ ತಪ್ಪು. ದಯವಿಟ್ಟು ಅದನ್ನು ಬೇರೆಯವರಿಗೆ ಕಳಿಸಬೇಡಿ. ಪುಣೆಯಲ್ಲಿ 1950ರಲ್ಲಿ ಹುಟ್ಟಿದ ಅವರು ಪೂನಾ ಹಾರ್ಸ್ ಎಂಬ ಟ್ಯಾಂಕ್ ರೆಜಿಮೆಂಟಿಗೆ ಸೇರಿದ್ದು 1971ರ ಜೂನ್‌ನಲ್ಲಿ. ಅದೇ ವರ್ಷ ಡಿಸೆಂಬರ್‌ನಲ್ಲಿ ಭಾರತ-ಪಾಕಿಸ್ತಾನ ಯುದ್ಧ ಆರಂಭವಾದಾಗ ಅಧಿಕಾರಿಯಾಗಿ ಆರು ತಿಂಗಳೂ ತುಂಬಿರಲಿಲ್ಲ.

ಡಿಸೆಂಬರ್ 16ರಂದು ಬಸಂತರ್ ನದಿಯಾಚೆ ಪಾಕಿಸ್ತಾನದ ಟ್ಯಾಂಕ್‌ಗಳು ಪ್ರತಿದಾಳಿ ನಡೆಸಿದಾಗ, 'ಫಾಮಗುಸ್ತಾ' ಎಂಬ ತಮ್ಮ ಸೆಂಚೂರಿಯನ್ ಟ್ಯಾಂಕಿಗೆ ಬೆಂಕಿ ಹತ್ತಿ, ಅದನ್ನು ಬಿಟ್ಟು ಬರುವಂತೆ ರೇಡಿಯೊದಲ್ಲಿ ಆದೇಶ ಬಂದರೂ, ತೋಪು ಇನ್ನೂ ಕೆಲಸ ಮಾಡುತ್ತಿದೆ ಎಂದು ತಿಳಿಸಿ ಅವರು ಹೋರಾಟ ಮುಂದುವರಿಸಿದರು. ಮತ್ತೊಂದು ಹೊಡೆತ ಪ್ರಾಣ ತೆಗೆಯಿತು. ಆಗ ವಯಸ್ಸು 21, ನಮ್ಮ ಮನೆಗಳ ಹುಡುಗರು ಪದವಿ ಪರೀಕ್ಷೆಗೆ ಕೂರುವ ವಯಸ್ಸು. ಮರಣೋತ್ತರವಾಗಿ ಪರಮವೀರ ಚಕ್ರ ಸಂದಿತು.

ನನ್ನನ್ನು ಹೆಚ್ಚು ಕಾಡುವುದು ಆಮೇಲಿನ ಸಂಗತಿ. 2001ರಲ್ಲಿ ಅವರ ತಂದೆ, ನಿವೃತ್ತ ಬ್ರಿಗೇಡಿಯರ್, ತಮ್ಮ ಹುಟ್ಟೂರು ನೋಡಲು ಪಾಕಿಸ್ತಾನಕ್ಕೆ ಹೋದಾಗ, ಮನೆಯಲ್ಲಿ ಉಳಿಸಿಕೊಂಡು ಆದರದಿಂದ ಸತ್ಕರಿಸಿದ ಅಲ್ಲಿಯ ಬ್ರಿಗೇಡಿಯರ್ ಒಬ್ಬರು, ಹೊರಡುವ ಮುನ್ನಾ ರಾತ್ರಿ, ನಿಮ್ಮ ಮಗ ಮಡಿದದ್ದು ನನ್ನ ಕೈಯಿಂದಲೇ ಎಂದು ಹೇಳಿಕೊಂಡರು.

ಡಿಸೆಂಬರ್ 16ರ ಸಂಜೆ 5ಕ್ಕೆ ಬೆಳಗಾವಿ ಕ್ಯಾಂಪ್‌ನಲ್ಲಿರುವ ನಮ್ಮ ಮನೆಯಲ್ಲಿ ಸೇರೋಣ. ಮರಾಠಾ ಲೈಟ್ ಇನ್ಫೆಂಟ್ರಿಯಿಂದ ನಿವೃತ್ತರಾದ ನಮ್ಮ ಸುಬೇದಾರ್ ಕಾಕಾ ಅವರು ಮಾತನಾಡಲು ಒಪ್ಪಿದ್ದಾರೆ. ಅವರಿಗೆ ಈಗ ಕಿವಿ ಮಂದವಾಗಿರುವುದರಿಂದ ಪ್ರಶ್ನೆಗಳನ್ನು ಚೀಟಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು ತರಬೇಕು.