ಟೀಚರ್, ನಿಮ್ಮ ಹುಬ್ಬು ಕಾಣುವುದಿಲ್ಲ

ಮಾರಾಯ,

ಇದನ್ನು ವಾಟ್ಸ್ಯಾಪಿನಲ್ಲೇ ಕಳಿಸಬಹುದಿತ್ತು. ಅಲ್ಲಿ ನೀನು ಹೆಬ್ಬೆರಳು ತೋರಿಸಿ ಮಾಯವಾಗುತ್ತೀ. ಇಲ್ಲಿ ನಾಲ್ಕು ಜನ ನೋಡುವಾಗ ಉತ್ತರ ಕೊಡಲೇಬೇಕಲ್ವಾ? ಗೋಳಿಬಜೆ ವಿಷಯ ಎತ್ತುವುದಿಲ್ಲ, ಹೆದರಬೇಡ.

ನನ್ನ ಪುಟಾಣಿ ಸಂಗೀತ ಕ್ಲಾಸು ಗೊತ್ತಲ್ಲ? ಉಡುಪಿ ರಥಬೀದಿ ಹತ್ತಿರದ ಮಾಳಿಗೆ ಕೋಣೆ, ಐದಾರು ವರ್ಷದ ಒಂಬತ್ತು ಮಕ್ಕಳು. ಚಕ್ಕಳಮಕ್ಕಳ ಹಾಕಿ ಕೂರಿಸುವ ಪದ್ಧತಿಯೇ ಇಲ್ಲ. ತಟ್ಟುಮಣೆಯಲ್ಲಿ, ಅಂದರೆ ಕೋಲಿನಿಂದ ತಟ್ಟುವ ಮರದ ಮಣೆಯಲ್ಲಿ, ನಾಲ್ಕೆಣಿಕೆಯ ತಕಧಿಮಿ ಹೊಡೆದರೆ ಆನೆ ನಡಿಗೆ. ಮೂರರ ತಕಿಟ ಹೊಡೆದರೆ ಮಲ್ಪೆ ದೋಣಿ, ಓಲಾಡಬೇಕು. ಐದರ ತಕತಕಿಟಕ್ಕೆ ಕುಂಟು ಕಾಗೆ. ಈ ಐದರ ಲೆಕ್ಕ ಅಪ್ಪ ಅಮ್ಮಂದಿರ ಕಾಲಿಗೆ ಬರುವುದಿಲ್ಲ, ಮಕ್ಕಳಿಗೆ ಬರುತ್ತದೆ. ಸರಿಗಮದ ಮೊದಲ ಪಾಠ ಸರಳೆ ವರಸೆ ಮೆಟ್ಟಿಲ ಮೇಲೆ, ಒಂದು ಮೆಟ್ಟಿಲಿಗೆ ಒಂದು ಸ್ವರ. ಮೇಲಿನ ಷಡ್ಜ, ಅಂದರೆ ಕೊನೆಯ ‘ಸ’, ಸೇರಿ ಎಂಟು. ನಮ್ಮಲ್ಲಿ ಮೆಟ್ಟಿಲು ಹನ್ನೊಂದು. ‘ಉಳಿದ ಮೂರರಲ್ಲಿ ಎಂತ ಹಾಡುವುದು ಟೀಚರ್?’ ಅಂತ ಒಬ್ಬ ಕೇಳಿದ. ‘ಅಲ್ಲಿ ಚಪ್ಪಲಿ ಇಡುವುದು’ ಅಂದೆ.

ವರಸೆ ಮುಗಿದ ಮೇಲೆ ಕಲಿಸುವ ಪುಟ್ಟ ಹಾಡಿಗೆ ಗೀತೆ ಅನ್ನುವುದು. ‘ಗೀತೆ ಯಾವಾಗ ಶುರು?’ ಅಂತ ಕೇಳುವ ತಾಯಂದಿರಿಗೆ ನನ್ನದೊಂದು ಭಾಷಣ ಉಂಟು. ಜಿನೀವಾದಲ್ಲಿ ಡಾಲ್‌ಕ್ರೋಜ್ ಅಂತ ಒಬ್ಬ ಮೇಷ್ಟ್ರು, 1892ರಲ್ಲಿ ಅಲ್ಲಿನ ಸಂಗೀತ ಶಾಲೆ ಸೇರಿದವರು. ನುಡಿಸುವಾಗ ಲಯ ತಪ್ಪುವವರೂ ನಡೆಯುವಾಗ ತಪ್ಪುವುದಿಲ್ಲ ಎಂಬುದು ಅವರ ಕಣ್ಣಿಗೆ ಬಿತ್ತು. ಹಾಗಾಗಿ ಶಿಷ್ಯರನ್ನು ಎಬ್ಬಿಸಿ ನಡೆಸಿದರು. ಅಷ್ಟು ದೂರ ಯಾಕೆ, ಅಷ್ಟಮಿಯಲ್ಲಿ ಹುಲಿವೇಷದ ತಾಸೆ ಕೇಳಿದರೆ ಸೊಂಟದ ಮೇಲಿನ ಕೂಸೂ ಕಾಲು ಕುಣಿಸುತ್ತದಲ್ಲ ಅನ್ನುತ್ತೇನೆ. ತಾಯಂದಿರು ಎಲ್ಲ ಕೇಳಿ, ‘ಆದರೂ ಗೀತೆ...’ ಅನ್ನುತ್ತಾರೆ.

ಎರಡು ವಾರದ ಹಿಂದೆ, ಸುಮ್ನೆ ಒಂದು ಆಟ ಅಂತ, ತಟ್ಟುಮಣೆ ಹಿಡಿದು ಬಾಗಿಲ ಹಿಂದೆ ಕೂತೆ. ತಕಧಿಮಿಯಿಂದ ತಕಿಟಕ್ಕೆ ಬದಲಿಸಿದೆ. ಬಾಯಲ್ಲಿ ಹೇಳಲಿಲ್ಲ, ಕೋಲಿನ ಸದ್ದು ಮಾತ್ರ. ಸಂದಿಯಲ್ಲಿ ಇಣುಕಿದರೆ ಎಂಟು ಆನೆಗಳು ಹಾಗೆಯೇ ನಡೆಯುತ್ತಿವೆ. ಒಬ್ಬ ನಿಂತು ಕೂಗಿದ, ‘ಟೀಚರ್, ನಿಮ್ಮ ಹುಬ್ಬು ಕಾಣುವುದಿಲ್ಲ!’

ತಕಿಟ ಬಂದಾಗ ನನ್ನ ಹುಬ್ಬು ಮೇಲೆ ಹೋಗುತ್ತದಂತೆ. ಆರು ತಿಂಗಳಿಂದ ಮಕ್ಕಳು ಹುಬ್ಬಿಗೆ ಕುಣಿಯುತ್ತಿದ್ದರು. ದೋಣಿಯಾದವಳು ಒಬ್ಬಳೇ. ಕಣ್ಣು ಮುಚ್ಚಿ ಓಲಾಡುತ್ತಿದ್ದಳು. ‘ಈ ಕಡೆ ನೋಡು’ ಅಂತ ನಾನು ಪ್ರತಿ ವಾರ ಗದರುವ ಹುಡುಗಿ.

ರಾತ್ರಿ ನಿದ್ದೆ ಬರಲಿಲ್ಲ. ನಿನ್ನ ತಲೆ ನೆನಪಾಯಿತು. ನಗಬೇಡ. ಹನ್ನೆರಡು ವರ್ಷ ನನ್ನ ಪಕ್ಕ ಮೃದಂಗ ಇಟ್ಟುಕೊಂಡು ಕೂತವನು ನೀನು. ನಾನು ಸ್ವರ ಹಾಡಿ ಮುಗಿಸಿ ಪಲ್ಲವಿಗೆ ಬಂದು ಬೀಳುವ ಹೊತ್ತಿಗೆ ನೀನು ತಲೆ ಚೂರು ಎತ್ತುತ್ತಿದ್ದೆ. ಖುಷಿಗೋ, ನನಗೆ ಜಾಗ ತೋರಿಸಲಿಕ್ಕೋ, ನಾನು ಯಾವತ್ತೂ ಕೇಳಲಿಲ್ಲ. ಅದನ್ನೇ ಕಾಯುತ್ತಿದ್ದೆ. ಕೈ ತೊಡೆಯ ಮೇಲೆ ಆದಿತಾಳದ ಎಂಟು ಎಣಿಸುತ್ತಿತ್ತು, ಒಂದು ಬೆರಳೂ ತಪ್ಪದೆ. ಎಣಿಸಿದ್ದು ಕಿವಿಯವರೆಗೆ ಬರುತ್ತಿರಲಿಲ್ಲ, ಅಷ್ಟೇ. ನೀನು ಬೆಂಗಳೂರಿಗೆ ಹೋದ ಮೇಲೆ ನಾನು ಸಂಗೀತ ಕಚೇರಿ ಬಿಟ್ಟೆ. ಗಂಟಲು ಸರಿಯಿಲ್ಲ ಅಂತ ಊರಿಗೆಲ್ಲ ಹೇಳಿದೆ. ನಿನಗೂ. ಗಂಟಲಿಗೆ ಏನೂ ಆಗಿರಲಿಲ್ಲ.

ಅಯ್ಯೋ, ಇಷ್ಟು ಬರೆಯಬೇಕು ಅಂತ ಇರಲಿಲ್ಲ. ಆಗ ಜೇನುತುಪ್ಪ, ಕಷಾಯದ ಪುಡಿ ಕಳಿಸಿದವರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ವಾಪಸ್ ಕೇಳಬೇಡಿ, ಖರ್ಚಾಗಿದೆ.

ಈಗ ನಾನು ಗೋಡೆ ಕಡೆ ತಿರುಗಿ ಕೂತು ತಟ್ಟುತ್ತೇನೆ. ಮೊನ್ನೆ ಮೂರು ದೋಣಿಗಳಾದವು. ಎರಡು ಆನೆಗಳು ಡಿಕ್ಕಿ ಹೊಡೆದು ಬಿದ್ದವು.

ದೀಪಾವಳಿಗೆ ಬರುತ್ತೀಯಲ್ಲ? ಮೃದಂಗ ತಾ. ತಲೆ ಮಾತ್ರ ಅಲ್ಲೇ ಬಿಟ್ಟು ಬಾ. ನಿನಗೆ ಹೇಗೂ ಅಭ್ಯಾಸ ಉಂಟು.

ಇತಿ,
ಹುಬ್ಬಿನ ವಿದುಷಿ